80 ದಾಟಿದರೆ ನಡುಗುವ ಪಿಕಪ್

ಸಂಪಾದಕರೇ,

ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ನಮ್ಮ ಕಾಸರಗೋಡಿನ ಹಳೇ ಪಿಕಪ್‌ಗಳೂ 80ರ ವೇಗದಲ್ಲಿ ಓಡುತ್ತಿವೆ. ಮೊದಲು ಹೊಂಡದ ರಸ್ತೆಯಲ್ಲಿ ಗೊತ್ತೇ ಆಗದ ನಡುಕ ಈಗ ಕಾಣಿಸುತ್ತಿದೆ.

ಅಡಿಕೆ ಹೇರಿಕೊಂಡು ಮಂಗಳೂರಿಗೆ ಹೋಗುವ ನನ್ನ ಗಾಡಿಗೂ ಹೀಗೇ ಆಯಿತು. ಗ್ಯಾರೇಜಿನಲ್ಲಿ ಸುಮ್ನೆ ನಾಲ್ಕೂ ಟಯರ್ ಬದಲಿಸಿದರು, ನಡುಕ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ತಿರುಗುವ ದಂಡ) ಕೀಲಿನಲ್ಲಿರುವ ಸವೆದ ಕ್ರಾಸ್ ಬೇರಿಂಗ್.

ಖರ್ಚು ಮಾಡುವ ಮೊದಲು ನಡುಕ ಎಲ್ಲಿ ಅಂತ ಗಮನಿಸಿ. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ, ರಿಮ್ಮಿನ ಒಳಗೆ ಒಣಗಿದ ಕೆಸರು ಅಂಟಿದ್ದರೂ ಸಾಕು, ನಮ್ಮ ಮಳೆಗಾಲದಲ್ಲಿ ಅದು ಜಾಸ್ತಿ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಇಲ್ಲವೇ ಡ್ರಮ್. ಗಾಡಿ ನಿಂತಿದ್ದಾಗ ಎಂಜಿನ್ ರೇಸ್ ಮಾಡಿದರೂ ನಡುಕ ಬಂದರೆ ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರಿಸಿರುವ ರಬ್ಬರ್ ಆಧಾರ, ಪರೀಕ್ಷಿಸಬೇಕು.

ಟಯರ್ ಉಬ್ಬಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ, ಅದು ಒಡೆಯಬಹುದು. ಹಿಂದೆ ಕೂಲಿಯಾಳುಗಳು ಕೂತಿರುತ್ತಾರೆ, ಅಲ್ವಾ?

ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ