ಅರ್ಧ ಗಂಟೆ ಸಾಲದು

ಧಾರವಾಡ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಭಾನುವಾರ ಗೆಳತಿಯರ ಜೊತೆ ಕಲಬುರಗಿಯ ಸೂಫಿ ಸಂತ ಬಂದೇನವಾಜರ ದರ್ಗಾಕ್ಕೆ ಹೋಗುತ್ತೇನೆ, ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ ಸಿನಿಮಾಕ್ಕೆ ಹೋಗುತ್ತೇವೆ ಎಂದು ಬರೆದಿದ್ದೀ. ಅರ್ಧ ಗಂಟೆಯಲ್ಲಿ ಚಪ್ಪಲಿ ಬಿಡುವುದು, ಫೋಟೊ ತೆಗೆಸಿಕೊಳ್ಳುವುದು, ಮತ್ತೆ ಚಪ್ಪಲಿ ಹುಡುಕುವುದು ಇಷ್ಟೇ ಆಗುತ್ತದೆ. ಸಿನಿಮಾ ಮುಂದಿನ ವಾರವೂ ಇರುತ್ತದೆ.

ಬೆಳಿಗ್ಗೆ ಬೇಗ ಹೋಗು. ಕಲಬುರಗಿಯ ಬಿಸಿಲಿಗೆ ಕಲ್ಲುಹಾಸು ಕಾಯುವುದು ತಡವಾಗುವುದಿಲ್ಲ, ಬರಿಗಾಲಲ್ಲಿ ಕುಣಿಯುತ್ತ ನೋಡಿದರೆ ಏನೂ ಕಾಣುವುದಿಲ್ಲ. ನಮಾಜಿಗೆ ಬಂದವರ ನಡುವೆ ಮೊಬೈಲ್ ಹಿಡಿದು ನಿಲ್ಲಬೇಡ. ಆವರಣದಲ್ಲಿ ಬಿಜಾಪುರದ ಸರದಾರ ಅಫಜಲ್‌ಖಾನ ಕಟ್ಟಿಸಿದ ಮಸೀದಿಯಿದೆ, ಅದನ್ನು ನಮಾಜು ಮುಗಿದ ಮೇಲೆ ನಿಧಾನವಾಗಿ ನೋಡು. ತಲೆಯ ಮೇಲೆ ದುಪಟ್ಟಾ ಇರಲಿ. ಪರೀಕ್ಷೆ ಪಾಸಾಗಲೆಂದು ಹರಕೆ ಹೊರಬೇಡ, ಓದು.

ಊರು ಬಿಟ್ಟು ಬಂದೆ, ಇಲ್ಲಿ ಯಾರೂ ನಮ್ಮವರಿಲ್ಲ ಎಂದು ಎರಡು ಪುಟ ಅತ್ತಿದ್ದೀಯಲ್ಲ, ಆ ಗೋರಿಯಲ್ಲಿ ಮಲಗಿದವರ ಕಥೆ ಕೇಳು. ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ, ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿ ಬದಲಿಸಿದಾಗ ಇನ್ನೂ ಬಾಲಕ, ಹೆತ್ತವರ ಜೊತೆ ದೌಲತಾಬಾದಿಗೆ ಬಂದರು. ತಂದೆ ಅಲ್ಲೇ ತೀರಿಕೊಂಡರು. ಮತ್ತೆ ದೆಹಲಿಗೆ ಹೋಗಿ ಚಿಶ್ತಿ ಎಂಬ ಸೂಫಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದರು. 1398ರಲ್ಲಿ ತೈಮೂರನ ದಂಡು ಬಂದಾಗ ದೆಹಲಿ ಬಿಟ್ಟು, ಗುಜರಾತಿನ ಮೇಲಿಂದ ಕಲಬುರಗಿ ತಲುಪುವಾಗ ಅವರಿಗೆ ಎಂಬತ್ತರ ಹತ್ತಿರ. ಎಂಬತ್ತಕ್ಕೆ ಹೊಸ ಊರು, ಹೊಸ ಮಾತು, ಹೊಸ ಶಿಷ್ಯರು. ನಿನಗೆ ಇಪ್ಪತ್ತೆರಡು, ಅದರ ಮೇಲೆ ಧಾರವಾಡಕ್ಕೆ ದಿನಾ ಬಸ್ಸಿದೆ.

ಅವರನ್ನು ಗೇಸುದರಾಜ್ ಎಂದೂ ಕರೆಯುತ್ತಾರೆ, ಹಾಗೆಂದರೆ ನೀಳಗೂದಲಿನವರು. ಗುರುವಿನ ಪಲ್ಲಕ್ಕಿ ಹೊರುವಾಗ ಕೂದಲು ಅದಕ್ಕೆ ಸಿಕ್ಕಿಕೊಂಡರೂ ನಿಲ್ಲಿಸದೆ, ನೋವು ನುಂಗಿ ನಡೆದರಂತೆ. ಗೆಳತಿಯರ ಮುಂದೆ ಜಾಣೆಯಾಗಲು 'ಇದೆಲ್ಲ ಕಟ್ಟುಕಥೆ' ಎಂದು ಅಲ್ಲಿ ನಗಬೇಡ. ಆರು ನೂರು ವರ್ಷ ಜನ ಯಾವ ಕಥೆಯನ್ನು ಉಳಿಸಿಕೊಂಡರು ಎಂಬುದು ಕೂಡ ಚರಿತ್ರೆಯೇ.

ಗೋರಿಯ ಒಳಕೋಣೆಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ, ಹೊರಗಿನಿಂದಲೇ ನೋಡಬೇಕು. ಇದು ನನಗೆ ಒಪ್ಪಿಗೆ ಎಂದು ಸುಳ್ಳು ಹೇಳಲಾರೆ. ಇಂಥ ಹೊಸ್ತಿಲುಗಳು ನಮ್ಮ ಗುಡಿಗಳಲ್ಲೂ ಇವೆ, ಅಲ್ಲೂ ನಾನು ಒಪ್ಪಿಲ್ಲ. ಆದರೆ ಸಿಟ್ಟು ಮಾಡಿಕೊಂಡು ತಿರುಗಿ ಬರಬೇಡ, ಅಲ್ಲೇ ಸ್ವಲ್ಪ ಹೊತ್ತು ಕೂತುಕೋ. ಲೋಬಾನದ ವಾಸನೆಯ ನಡುವೆ ಹೆಂಗಸರು ತಮ್ಮ ಮನೆಯ ಕಷ್ಟಗಳನ್ನೆಲ್ಲ ಮೆಲ್ಲಗೆ ಹೇಳಿಕೊಳ್ಳುತ್ತಿರುತ್ತಾರೆ. ಬಿಜಾಪುರದ ಕಡೆಯ ಸೂಫಿಗಳು ದಖನಿ ಉರ್ದು ಮಾತಿನಲ್ಲಿ ಚಕ್ಕಿನಾಮಾ ಎಂಬ ಬೀಸುವ ಪದ ಕಟ್ಟಿದರು. ಒಳಗೆ ಬಾರದ ಹೆಂಗಸರೇ ಅವನ್ನು ಜೋಳ ಬೀಸುತ್ತ ಹಾಡಿ ಮನೆಮನೆಗೆ ಮುಟ್ಟಿಸಿದರು. ನಮ್ಮವ್ವನ ಬೀಸುಕಲ್ಲಿನ ಪದ ನಿನ್ನ ಅಪ್ಪನಿಗೂ ನೆನಪಿರಬೇಕು, ಕೇಳಿ ನೋಡು.

ಸಂತರ ಪುಣ್ಯತಿಥಿಯ ಉತ್ಸವ, ಅಂದರೆ ಉರುಸು, ಮುಸ್ಲಿಮರ ಪಂಚಾಂಗದ ಜಿಲ್ಕಾದ್ ತಿಂಗಳ ಹದಿನೈದು, ಹದಿನಾರು, ಹದಿನೇಳಕ್ಕೆ. ಚಾಂದ್ರಮಾನದ ಲೆಕ್ಕವಾದ್ದರಿಂದ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಗಂಧದ ಮೆರವಣಿಗೆ ನೋಡುವಂಥದ್ದೇ, ಆದರೆ ಮೊದಲ ಸಲ ಆ ಗದ್ದಲದಲ್ಲಿ ಬೇಡ.

ವಾಪಸ್ಸು ಬರುವಾಗ ಹತ್ತಿರದಲ್ಲೇ ಬಹಮನಿ ಸುಲ್ತಾನರ ಸಮಾಧಿಗಳಿರುವ ಹಫ್ತ್ ಗುಂಬಜ್ ಇದೆ, ಇಳಿದು ನೋಡು. ಸಂತರನ್ನು ಕಲಬುರಗಿಗೆ ಆದರದಿಂದ ಬರಮಾಡಿಕೊಂಡವನು ಬಹಮನಿ ಸುಲ್ತಾನ ಫಿರೋಜ್ ಷಾ. ಮುಂದೆ ಮನಸ್ಸು ಮುರಿಯಿತು. ಮಗನೇ ಪಟ್ಟಕ್ಕೆ ಬರಲೆಂದು ಆಶೀರ್ವಾದ ಬೇಡಿದರೆ, ಪಟ್ಟ ನಿನ್ನ ತಮ್ಮ ಅಹಮದನಿಗೆ ಎಂದರಂತೆ ಸಂತರು. ಕೋಟೆಯ ಬಳಿ ನಿಮ್ಮ ಜನರ ಗದ್ದಲ ಹೆಚ್ಚಾಯಿತು, ದೂರ ಹೋಗಿ ಎಂದು ಸುಲ್ತಾನ ಹೇಳಿ ಕಳಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. 1422ರಲ್ಲಿ ಪಟ್ಟ ತಮ್ಮನಿಗೇ ಹೋಯಿತು. ಅದೇ ವರ್ಷ ಸುಲ್ತಾನನೂ ತೀರಿಕೊಂಡ, ಸಂತರೂ ತೀರಿಕೊಂಡರು.

ಫಿರೋಜನ ಸಮಾಧಿಗೆ ಜೋಡಿ ಗುಮ್ಮಟ. ಒಳಗಿನ ಗಾರೆಯ ಕುಸುರಿ ಬಹಳ ಚೆಂದ. ಸುತ್ತ ಎಲ್ಲ ಸದ್ದಡಗಿದೆ. ಅಲ್ಲಿ ಚಪ್ಪಲಿ ಕಾಯುವವರೂ ಇಲ್ಲ.

ಒಂದು ಕೆಲಸ ಮಾಡು. ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಬಾ. ನಿನ್ನ ಅಪ್ಪ ಎರಡು ವರ್ಷದವನಿದ್ದಾಗ ಜ್ವರ ಇಳಿಯಲೆಂದು ನಮ್ಮವ್ವ ಹೀಗೇ ತಂದು ಬಾಯಿಗೆ ಹಾಕಿದ್ದಳು. ಅವನು ಈಗ ಒಪ್ಪುವುದಿಲ್ಲ, ಆದರೆ ಪೊಟ್ಟಣ ಬಿಚ್ಚಿದರೆ ಮೊದಲು ಕೈಯೊಡ್ಡುವವನು ಅವನೇ.

ಇಂತಿ ನಿನ್ನ
ಅತ್ತೆ