ಚಾ ಗಾಡಿಯ ಮಾಮನಿಗೆ, ಮತ್ತೆ ಎಲ್ಲರಿಗೂ

ಮಕ್ಕಳ ಕಳ್ಳಸಾಗಣೆ ವಿರುದ್ಧ ನಾವೆಲ್ಲ ಸೇರಿ ಮಾಡಿದ ಹಬ್ಬ ಮುಗಿದು ಹನ್ನೆರಡು ದಿನ ಆಯಿತು. ಥ್ಯಾಂಕ್ಸ್ ಹೇಳಬೇಕು ಅಂತ ದಿನಾ ಕೂರುತ್ತೇನೆ, ಎರಡು ಸಾಲು ಬರೆದು ಎದ್ದು ಹೋಗುತ್ತೇನೆ. ಇವತ್ತು ಮುಗಿಸಿಯೇ ಏಳುವುದು.

ಆಟಿ ತಿಂಗಳ ಜೋರು ಮಳೆಯಲ್ಲಿ ಯಾರಾದರೂ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರಾ ಅಂತ ಎಲ್ಲರೂ ಕೇಳಿದ್ದರು. ಆದರೆ ಮಾನವ ಕಳ್ಳಸಾಗಣೆ ವಿರುದ್ಧದ ದಿನ ಅಂತ ವಿಶ್ವಸಂಸ್ಥೆ 2013ರಲ್ಲಿ ಗೊತ್ತುಮಾಡಿದ್ದು ಜುಲೈ 30. ಮಳೆಗೆ ಹೆದರಿ ಮುಂದೆ ಹಾಕುವುದು ಬೇಡ ಅಂತ ನಾನೇ ಹಠ ಹಿಡಿದೆ. ಮಂಗಳೂರಿನ ಟೌನ್‌ಹಾಲೇ ಬೇಕು ಅಂದದ್ದೂ ನಾನೇ. ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರಿನ ಹಾಲ್ ಅದು. ಮಕ್ಕಳ ಮಾತು ಅಲ್ಲಿ ಆಗಬೇಕು ಅಂತ ಆಸೆ ಇತ್ತು.

ಪತ್ತನಾಜೆ ಕಳೆದು, ಯಕ್ಷಗಾನದ ತಿರುಗಾಟ ಮುಗಿಸಿ ಮನೆಯಲ್ಲಿದ್ದ ಹಿಮ್ಮೇಳದವರು, ಮಕ್ಕಳಿಗೆ ಬಣ್ಣ ಹಚ್ಚಿದ ಅಣ್ಣಂದಿರು, ಗೋಡೆ ತುಂಬ ಚಿತ್ರ ಬರೆದ ಕಾಲೇಜು ಹುಡುಗಿಯರು, ಕರೆಂಟ್ ಹೋದಾಗ ಹತ್ತೇ ನಿಮಿಷದಲ್ಲಿ ಜನರೇಟರ್ ತಂದ ಸೌಂಡ್ಸ್‌ನವರು, ನೂರು ಇನ್ನೂರು ಕೊಟ್ಟು ಹೆಸರು ಬೇಡ ಅಂದವರು, ನಿಮಗೆಲ್ಲ ಕೈ ಮುಗಿಯುತ್ತೇನೆ.

ಭಾಗವತರ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಹರಿಶ್ಚಂದ್ರ ಪ್ರಸಂಗ ಮಾಡೋಣ ಅಂದದ್ದು ಅವರು. ಕಾಶಿಯ ಬೀದಿಯಲ್ಲಿ ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರುವ ಆ ಜಾಗವನ್ನು ನಿಧಾನ ಮಾಡಿಸಿದರು. ಚೆಂಡೆ ನಿಲ್ಲಿಸಿಬಿಟ್ಟರು. ಸಣ್ಣದರಿಂದ ಎಷ್ಟು ಸಲ ಈ ಆಟ ನೋಡಿದ್ದೇವೆ, ಅಲ್ವಾ? ಪ್ರತಿ ಸಲವೂ ರಾಜನ ಸತ್ಯಕ್ಕೆ ಅತ್ತಿದ್ದೇವೆ. ಆ ಮಗು ಎಂತ ಅಂದುಕೊಂಡಿತು ಅಂತ ನಾನಂತೂ ಯಾವತ್ತೂ ಯೋಚಿಸಿರಲಿಲ್ಲ.

ಈಗ 29ರ ರಾತ್ರಿಯ ವಿಷಯ.

ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತುಂಟು, ಹಾಗಾಗಿ ಪೂರ್ತಿ ಬರೆಯುವುದಿಲ್ಲ. ಆ ರಾತ್ರಿ ನಮಗೆ ಸಿಕ್ಕಿದ ಹುಡುಗನ ಗುರುತು ಸಿಗುವಂಥದ್ದೇನೂ ಬರೆಯಲೇಬಾರದು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆ ಸಂಜೆ ಫೋಟೋ ತೆಗೆದವರು ಅವನು ಕಾಣುವುದನ್ನೆಲ್ಲ ದಯವಿಟ್ಟು ಅಳಿಸಿ. ಆಟ ಮುಗಿದು ಜನ ಎಲ್ಲ ಹೋದ ಮೇಲೂ ಅವನೊಬ್ಬ ಗೇಟಿನ ಹತ್ತಿರ, ಮಾಮನ ಚಾ ಗಾಡಿಯ ತಾಡಪಾಲಿನ ಅಡಿಯಲ್ಲಿ ನಿಂತಿದ್ದ. ಕನ್ನಡ ಬಾರದು, ತುಳು ಬಾರದು. ಮಾಮ ಏನೂ ಕೇಳಲಿಲ್ಲ. ಒಂದು ಬನ್ಸ್ ಕೊಟ್ಟರು, ಆಮೇಲೆ ಇನ್ನೊಂದು ಕೊಟ್ಟರು. ಮೂರನೆಯದು ತಿನ್ನುವಾಗ ಹುಡುಗ ತಾನಾಗಿ ಹಿಂದಿಯಲ್ಲಿ ಮಾತಾಡಿದ. ಮಾಮನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಅದು ಎಲ್ಲಿ ಕಲಿತದ್ದು ಅಂತ ನನಗೆ ಆಗ ಗೊತ್ತಿರಲಿಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. ಅವರು ಹೇಳಿದ ಮೊದಲ ಮಾತು, ಅವನಿಂದ ಕತೆ ಮತ್ತೆ ಮತ್ತೆ ಹೇಳಿಸಬೇಡಿ. ಆಮೇಲೆ ಪೊಲೀಸರು, ಕಾಗದ, ಕಾಯುವುದು. 24 ಗಂಟೆಯ ಒಳಗೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ಕರೆದುಕೊಂಡು ಹೋಗಬೇಕು. ಅಲ್ಲಿವರೆಗೆ ಆ ಹುಡುಗ ಮಾಮನ ಅಂಗಿಯ ತುದಿ ಬಿಡಲಿಲ್ಲ. ಎಪ್ಪತ್ತರ ಹತ್ತಿರದ ಜೀವ, ಬೆಳಿಗ್ಗೆ ನಾಲ್ಕಕ್ಕೆ ಎದ್ದವರು, ರಾತ್ರಿ ಇಡೀ ಮರದ ಬೆಂಚಿನ ಮೇಲೆ ಕೂತೇ ಇದ್ದರು.

ಒಂದು ವಿಷಯ ಹೇಳಲೇಬೇಕು. ಆ ಸಂಜೆ ಹುಡುಗ ಮೊದಲು ಎದುರಿನ ಸಾಲಿನಲ್ಲಿ ಕೂತಿದ್ದ. ಅತಿಥಿಗಳಿಗೆ ಜಾಗ ಬೇಕು ಅಂತ ಎಬ್ಬಿಸಿ ಹಿಂದೆ ಕಳಿಸಿದವಳು ನಾನು. ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ಎದೆಯ ಮೇಲೆ ಹಬ್ಬದ ಬ್ಯಾಡ್ಜ್ ಇತ್ತು. ರಾತ್ರಿ ಎರಡಕ್ಕೆ ಇದು ನೆನಪಾಗಿ ಹೊರಗೆ ಮೆಟ್ಟಿಲಲ್ಲಿ ಕೂತು ಅತ್ತೆ. ನಾಳೆಯದ್ದು ಬೇಡ, ಎಲ್ಲ ನಿಲ್ಲಿಸೋಣ ಅಂದೆ. ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾಳೆಗೆ ಚಾ ಎಷ್ಟು ಮಾಡ್ಲಿ ಮಗಾ? ಇನ್ನೂರಾ ಮುನ್ನೂರಾ?" ಅಂತ ಕೇಳಿದರು. ಮುನ್ನೂರು ಅಂದೆ.

ಬೆಳಗಾಗುವ ಹೊತ್ತಿಗೆ ಅವರೇ ಹೇಳಿದರು. ಕೊಂಕಣ ರೈಲು ಇಲ್ಲದ ಕಾಲ. ಶಾಲೆಗೆ ಹಾಕುತ್ತೇನೆ ಅಂತ ಸಂಬಂಧಿಕರೊಬ್ಬರು ಬೊಂಬಾಯಿಗೆ ಕರೆದುಕೊಂಡು ಹೋದರಂತೆ. ಆಗ ವಯಸ್ಸು ಹತ್ತು. ಹೋಟೆಲಿನಲ್ಲಿ ಗ್ಲಾಸ್ ತೊಳೆಯುವ ಕೆಲಸ. ಅಲ್ಲಿ ನಮ್ಮವರ ಕನ್ನಡ ರಾತ್ರಿ ಶಾಲೆಗಳಿದ್ದವು, ಹೋಟೆಲ್ ಹುಡುಗರು ಎಷ್ಟೋ ಜನ ಅಲ್ಲಿ ಓದಿ ಮೇಲೆ ಬಂದಿದ್ದಾರೆ. ಇವರನ್ನು ಕಳಿಸಲಿಲ್ಲ. ಸಂಬಳ ಯಾರ ಕೈಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. "ಹೋಗುವಾಗ ಖುಷಿಯಲ್ಲೇ ಹೋದದ್ದು ನಾನು" ಅಂದರು. ನಮ್ಮ ಗೋಡೆಯ ಮೇಲೆ ಹುಡುಗಿಯರು ದೊಡ್ಡ ಅಕ್ಷರದಲ್ಲಿ ಬರೆದದ್ದೂ ಅದೇ: ಸಾಗಣೆ ಮಾಡುವವರು ಹೆಚ್ಚಾಗಿ ಗುರುತಿನವರೇ, ಮತ್ತೆ ಮಗು ಒಪ್ಪಿ ಹೋಯಿತು ಅನ್ನುವುದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್‌ನಲ್ಲಿ ಲೆಕ್ಕಕ್ಕೇ ಇಲ್ಲ. ನಾನು ಅದನ್ನು ಎಷ್ಟೋ ಸಲ ಮೈಕಿನಲ್ಲಿ ಹೇಳಿದ್ದೇನೆ. ಮಾಮನ ಬಾಯಲ್ಲಿ ಕೇಳುವಾಗ ನನ್ನಿಂದ ಮಾತೇ ಹೊರಡಲಿಲ್ಲ.

30ರಂದು ಎಲ್ಲ ನಡೆಯಿತು. ಮಳೆ ಬಿಡಲಿಲ್ಲ, ಆದರೂ ಹಾಲ್ ತುಂಬಿತ್ತು. ಎದುರಿನ ಎರಡು ಸಾಲು ಮಕ್ಕಳಿಗೇ ಬಿಟ್ಟೆವು. ಅತಿಥಿಗಳು ಬೇಸರ ಮಾಡಿಕೊಳ್ಳದೆ ಹಿಂದೆ ಕೂತರು, ಅವರಿಗೂ ಥ್ಯಾಂಕ್ಸ್.

ಹುಡುಗ ಈಗ ಸುರಕ್ಷಿತವಾಗಿದ್ದಾನೆ. ಅದಕ್ಕಿಂತ ಜಾಸ್ತಿ ನಾನು ಹೇಳಬಾರದು.

ಸಮಿತಿಯ ಎದುರು ಹೋಗುವಾಗ ಅವನು ಮಾಮನ ಛತ್ರಿ ಹಿಡಿದುಕೊಂಡು ಹೋದ. ಅದು ವಾಪಸ್ ಬಂದಿಲ್ಲ, ಮಾಮ ಕೇಳಲೂ ಇಲ್ಲ. ಈಗ ತಲೆಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು ಗಾಡಿ ನೂಕುತ್ತಿದ್ದಾರೆ. ನಾವು ಕೆಲವರು ಸೇರಿ ದೊಡ್ಡ ಕಪ್ಪು ಛತ್ರಿ ತೆಗೆದಿದ್ದೇವೆ, ನಾಳೆ ಸಂಜೆ ಐದೂವರೆಗೆ ಕೊಡಲು ಹೋಗುವುದು. ಬರುವವರು ಗೇಟಿನ ಹತ್ತಿರ ಬನ್ನಿ. ಅವರು ಇದನ್ನೆಲ್ಲ ಓದುವವರಲ್ಲ, ಮೊದಲೇ ಹೇಳಿಬಿಡಬೇಡಿ.