ಹಳ್ಳದ ದಂಡೆಗೆ ಹುಲ್ಲಿನ ಪಟ್ಟಿ ಬೇಕು

ಮುಧೋಳ ಭಾಗದಲ್ಲಿ ಹಳ್ಳದ ಅಂಚಿನವರೆಗೂ ಉಳುಮೆ ಮಾಡಿ ಕಬ್ಬು ನಾಟಿ ಮಾಡುತ್ತಿರುವುದರಿಂದ, ಮಳೆಗಾಲದಲ್ಲಿ ಮಣ್ಣು, ಗೊಬ್ಬರ ಎರಡೂ ನೇರವಾಗಿ ಘಟಪ್ರಭೆಯ ಪಾಲಾಗುತ್ತಿವೆ. ಯೂರಿಯಾ ಹಾಕಿದ ಮರುದಿನವೇ ದೊಡ್ಡ ಮಳೆಯಾದರೆ ಬಸಿಗಾಲುವೆಯಲ್ಲಿ ಎರೆಮಣ್ಣು ಕದಡಿ ಹರಿಯುತ್ತದೆ. ಗೊಬ್ಬರಕ್ಕೆ ಕೊಟ್ಟ ದುಡ್ಡೂ ಅದರೊಂದಿಗೇ ಹೋಗುತ್ತದೆ.

ಈ ನೀರು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಆಲಮಟ್ಟಿ, ಶ್ರೀಶೈಲದಂಥ ಜಲಾಶಯಗಳು ಹೂಳನ್ನು ಬಹುಮಟ್ಟಿಗೆ ತಡೆಯುತ್ತವೆ (ಅದರಿಂದ ಜಲಾಶಯವೇ ತುಂಬುತ್ತದೆ ಎಂಬುದು ಬೇರೆ ಮಾತು). ಆದರೆ ಯೂರಿಯಾದಂಥ ಗೊಬ್ಬರದಿಂದ ಬಂದು ನೀರಿನಲ್ಲಿ ಕರಗಿದ ನೈಟ್ರೇಟ್ ಅಷ್ಟು ಸುಲಭವಾಗಿ ನಿಲ್ಲದು. ಕರಾವಳಿಯಲ್ಲಿ ಅದು ಪಾಚಿಗೆ ಆಹಾರವಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಆಮ್ಲಜನಕ ಕುಗ್ಗಿ ಮೀನುಗಳಿಗೆ ಕುತ್ತು ಬರುತ್ತದೆ.

ಜಲಾನಯನ ಅಭಿವೃದ್ಧಿ ಎಂದರೆ ಚೆಕ್ ಡ್ಯಾಂ, ಕೃಷಿ ಹೊಂಡ ಎಂಬಷ್ಟಕ್ಕೇ ನಮ್ಮಲ್ಲಿ ಮಾತು ಮುಗಿಯುತ್ತದೆ. ಎಷ್ಟು ನೀರು ನಿಂತಿತು ಎಂಬ ಲೆಕ್ಕವಿದೆ, ಎಂಥ ನೀರು ಹರಿದುಹೋಯಿತು ಎಂದು ಕೇಳುವವರಿಲ್ಲ.

ಮಣ್ಣು, ಗೊಬ್ಬರ ಕೊಚ್ಚಿಹೋಗುವುದನ್ನು ತಗ್ಗಿಸಲು ಹಳ್ಳ, ಹೊಳೆಗಳ ದಂಡೆಯಲ್ಲಿ ಕೆಲವು ಮೀಟರ್ ಅಗಲದ ಜಾಗವನ್ನು ಉಳದೆ ಬಿಟ್ಟು ಲಾವಂಚ, ನೇಪಿಯರ್ ಹುಲ್ಲು ಬೆಳೆಸುವುದನ್ನು ಜಲಾನಯನ ಯೋಜನೆಗಳಲ್ಲಿ ಸೇರಿಸಬೇಕು. ನೇಪಿಯರ್‌ನಿಂದ ದನಗಳಿಗೆ ಮೇವೂ ಆಯಿತು. ಸುಮ್ಮನೆ ಹೇಳಿದರೆ ಒಂದು ಗುಂಟೆಯನ್ನೂ ಯಾರೂ ಬಿಡಲಾರರು, ಕಬ್ಬಿನ ನೆಲವೆಂದರೆ ಹಾಗೆಯೇ. ಆದ್ದರಿಂದ ಬಿಟ್ಟ ಜಾಗಕ್ಕೆ ವಾರ್ಷಿಕ ಪರಿಹಾರಧನವನ್ನು ಯೋಜನೆಯ ಅಂದಾಜುಪಟ್ಟಿಯಲ್ಲೇ ನಿಗದಿಪಡಿಸಬೇಕು.

– ಕಬ್ಬು ಬೆಳೆಗಾರ, ಮುಧೋಳ